‘ಹೀಗಾದರೆ?’ ಎಂದು ಕೇಳುವ ಕರಾವಳಿ

ಭಟ್ಕಳದಿಂದ ಕುಮಟಾಕ್ಕೆ ಹೊರಟ ಬಸ್ಸಿನಲ್ಲಿ ಎಡಗಡೆ ಕುಳಿತವರಿಗೆ ಆಗಾಗ ಸಮುದ್ರ ಕಾಣುತ್ತದೆ, ಬಲಗಡೆ ಕುಳಿತವರಿಗೆ ಘಟ್ಟ. ನಡುವೆ ಇರುವುದು ಅಗಲ ಕಿರಿದಾದ ನೆಲದ ಪಟ್ಟಿ. ಅದರಲ್ಲೇ ತೆಂಗು, ಗದ್ದೆ, ಹೊಳೆ, ಹೆದ್ದಾರಿ, ರೈಲು ಹಳಿ, ಶಾಲೆ, ಗುಡಿ, ಮಸೀದಿ, ಇಗರ್ಜಿ ಎಲ್ಲವೂ ಒತ್ತಾಗಿ ನಿಂತಿವೆ. ಅರವತ್ತು ಕಿಲೊಮೀಟರಿನಷ್ಟು ದೂರದ ಈ ದಾರಿಯನ್ನು ಹೆಚ್ಚಿನವರು ನಿದ್ದೆ ಮಾಡುತ್ತ ಕಳೆಯುತ್ತಾರೆ. ಆದರೆ ಕಥೆ ಬರೆಯುವ ಆಸೆಯಿರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಅದರಲ್ಲೂ ಇನ್ನೂ ಆಗದಿರುವುದನ್ನು, ಆಗಲಾರದ್ದನ್ನು, ಮುಂದೆಂದೋ ಆಗಬಹುದಾದುದನ್ನು ಬರೆಯಬೇಕೆನ್ನುವವರು ಈ ಮೂರು ತಾಲ್ಲೂಕುಗಳಲ್ಲಿ ಒಮ್ಮೆ ಕಣ್ತೆರೆದು ಓಡಾಡಬೇಕು.

ಇಂಥ ಬರಹಕ್ಕೆ ಕನ್ನಡದಲ್ಲಿ ವಿಜ್ಞಾನ ಕಥೆ, ಕಲ್ಪನಾ ಕಥೆ ಎಂದೆಲ್ಲ ಹೆಸರುಗಳಿವೆ. ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರವನ್ನು ಶ್ರದ್ಧೆಯಿಂದ ಬೆಳೆಸಿದರು. ಹೆಸರು ಯಾವುದೇ ಇರಲಿ, ಎಲ್ಲದರ ಬೇರು ಒಂದೇ ಪ್ರಶ್ನೆ: ‘ಹೀಗಾದರೆ?’ ಈ ಪ್ರಶ್ನೆಯನ್ನು ಮಕ್ಕಳು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ದೊಡ್ಡವರು ಸುಮ್ಮನಿರಿಸುತ್ತಾರೆ. ಸುಮ್ಮನಿರಿಸದೆ ಉತ್ತರವನ್ನು ಕೊನೆಯವರೆಗೆ ಬೆನ್ನಟ್ಟಿದರೆ ಅದು ಕಥೆಯಾಗುತ್ತದೆ. ಒಮ್ಮೊಮ್ಮೆ ವಿಜ್ಞಾನವೂ ಆಗುತ್ತದೆ.

ನೆಲಕ್ಕಿಡಬಾರದು ಎಂಬ ಷರತ್ತು

ಭಟ್ಕಳ ತಾಲ್ಲೂಕಿನ ಮುರುಡೇಶ್ವರದಲ್ಲಿ ಬಸ್ಸಿಳಿದರೆ ಮೊದಲು ಕಣ್ಣಿಗೆ ಬೀಳುವುದು 123 ಅಡಿ ಎತ್ತರದ ಶಿವನ ಮೂರ್ತಿ ಮತ್ತು ಇಪ್ಪತ್ತು ಅಂತಸ್ತಿನ, 237 ಅಡಿಯ ರಾಜಗೋಪುರ. ಇವೆರಡೂ ಇತ್ತೀಚಿನವು. ಆದರೆ ಇಲ್ಲಿಯ ಕಥೆ ಬಹಳ ಹಳೆಯದು. ರಾವಣನಿಗೆ ಆತ್ಮಲಿಂಗ ಸಿಕ್ಕಿತು. ಲಂಕೆ ಸೇರುವ ತನಕ ನೆಲಕ್ಕಿಡಬಾರದೆಂಬ ಷರತ್ತೂ ಜೊತೆಗೇ ಬಂತು. ಸೂರ್ಯ ಮುಳುಗಿದಂತೆ ಕಂಡಿತು, ಸಂಧ್ಯಾವಂದನೆಯ ಹೊತ್ತಾಯಿತು. ವಟುವೇಷದ ಗಣಪತಿ ಲಿಂಗವನ್ನು ಹಿಡಿದುಕೊಳ್ಳಲು ಒಪ್ಪಿದ. ಮೂರು ಸಲ ಕೂಗುತ್ತೇನೆ, ಬಾರದಿದ್ದರೆ ಇಟ್ಟುಬಿಡುತ್ತೇನೆ ಎಂದ. ಮುಂದಿನದು ಈ ಕಡೆಯ ಮಕ್ಕಳಿಗೆಲ್ಲ ಗೊತ್ತು. ಗೋಕರ್ಣದಲ್ಲಿ ಲಿಂಗ ನೆಲೆಯಾಯಿತು. ಸಿಟ್ಟಿನಿಂದ ರಾವಣ ಕಿತ್ತೆಸೆದವುಗಳಲ್ಲಿ ಹೊದಿಸಿದ ಬಟ್ಟೆ ಮುರುಡೇಶ್ವರದಲ್ಲಿ, ಮುಚ್ಚಳ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ, ದಾರ ಕುಮಟಾ ತಾಲ್ಲೂಕಿನ ಧಾರೇಶ್ವರದಲ್ಲಿ ಬಿತ್ತೆಂದು ಸ್ಥಳಪುರಾಣ ಹೇಳುತ್ತದೆ. ಮೂರೂ ತಾಲ್ಲೂಕುಗಳನ್ನು ಒಂದೇ ಕಥೆ ಪೋಣಿಸಿದೆ.

ಪುರಾಣ ನಂಬಿಕೆಯ ವಿಷಯ. ಅದನ್ನು ವಿಜ್ಞಾನ ಕಥೆಯೆಂದು ಕರೆಯುವುದು ತಪ್ಪು. ಅದರಲ್ಲಿ ಇಂದಿನ ಯಂತ್ರಗಳನ್ನು ಹುಡುಕುವುದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಕಥೆ ಹೇಳುವ ಕಸುಬನ್ನು ಅದರಿಂದ ಕಲಿಯಲು ಅಡ್ಡಿಯಿಲ್ಲ. ಇಲ್ಲಿ ಗಮನಿಸಬೇಕಾದುದು ಆ ಪುಟ್ಟ ಷರತ್ತು. ಕೈಲಾಸವನ್ನೇ ಅಲುಗಿಸಿದವನಿಗೆ ಎದುರಾದದ್ದು ಸೈನ್ಯವಲ್ಲ, ‘ನೆಲಕ್ಕಿಡಬಾರದು’ ಎಂಬ ಎರಡು ಪದದ ನಿಯಮ. ಹೊಸದಾಗಿ ಬರೆಯುವ ವಿದ್ಯಾರ್ಥಿ ತನ್ನ ನಾಯಕನಿಗೆ ಅದೃಶ್ಯನಾಗುವ ಶಕ್ತಿ ಕೊಡುತ್ತಾನೆ, ಹಾರುವ ಶಕ್ತಿ ಕೊಡುತ್ತಾನೆ, ಸಾವನ್ನೂ ತೆಗೆದುಬಿಡುತ್ತಾನೆ. ಎರಡನೆಯ ಪುಟಕ್ಕೆ ಕಥೆ ನಿಂತುಹೋಗುತ್ತದೆ. ಶಕ್ತಿಯಿಂದ ಕಥೆ ಹುಟ್ಟುವುದಿಲ್ಲ, ಶಕ್ತಿಯ ಮಿತಿಯಿಂದ ಹುಟ್ಟುತ್ತದೆ. ಹಾಗೆಯೇ ‘ಇಪ್ಪತ್ತು ಕೈ ಇದ್ದವನು ಎರಡು ಕೈಯಲ್ಲಿ ಹಿಡಿದುಕೊಂಡು ಉಳಿದ ಕೈಗಳಲ್ಲಿ ಅರ್ಘ್ಯ ಕೊಡಬಾರದಿತ್ತೆ?’ ಎಂದು ಕೇಳುವ ಮಗುವನ್ನು ಗದರಿಸಬೇಡಿ. ಬರೆಯುವವನಿಗೆ ಬೇಕಾದುದು ಇಂಥ ಓದುಗನೇ. ಆ ಪ್ರಶ್ನೆ ಬರುವ ಮೊದಲೇ ಉತ್ತರವನ್ನು ಕಥೆಯೊಳಗೆ ಇಟ್ಟಿರಬೇಕು.

ಲೆಕ್ಕ ತಪ್ಪದ ಕಲ್ಪನೆ

ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ನಡುಗಡ್ಡೆ ಇದೆ. ಹಳೆಯ ಹೆಸರು ಪಾರಿವಾಳ ಗುಡ್ಡ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಸುತ್ತ ಹವಳ, ಬಣ್ಣಬಣ್ಣದ ಮೀನು. ಮರಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪವೂ ಹೌದು. ಸಾಹಸ ಕಥೆಗೆ ಇನ್ನೇನು ಬೇಕು?

ಬೇಕಾದದ್ದು ಸ್ವಲ್ಪ ಗಣಿತ. ದಂಡೆಯಲ್ಲಿ ನಿಂತ ಹುಡುಗಿಯೊಬ್ಬಳಿಗೆ ನೇತ್ರಾಣಿಯ ಬುಡದಲ್ಲಿ ತೇಲುವ ದೋಣಿ ಕಂಡಿತೆಂದು ಬರೆದರೆ ಕಥೆ ಅಲ್ಲಿಗೇ ಮುಗ್ಗರಿಸಿತು. ಭೂಮಿ ದುಂಡಗಿದೆ. ನೋಡುವ ಕಣ್ಣು ನೀರಿನ ಮಟ್ಟಕ್ಕಿಂತ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೊಮೀಟರುಗಳಲ್ಲಿ ಸಿಗುತ್ತದೆ. ಹತ್ತನೆಯ ತರಗತಿಯ ಪೈಥಾಗೊರಸ್ ಪ್ರಮೇಯದಿಂದಲೇ ಇದನ್ನು ಸಾಧಿಸಬಹುದು. ಒಂದೂವರೆ ಮೀಟರ್ ಎತ್ತರದ ಕಣ್ಣಿಗೆ ದಿಗಂತ ಇರುವುದು ಸುಮಾರು 4.4 ಕಿ.ಮೀ. ದೂರದಲ್ಲಿ. ಅದರಾಚೆಗೆ ಗುಡ್ಡದ ನೆತ್ತಿ ಕಂಡೀತು, ದೋಣಿ ಕಾಣದು. ಅದೇ ಹುಡುಗಿ ಲಿಫ್ಟಿನಲ್ಲಿ ಗೋಪುರ ಏರಿ, ನೆಲದಿಂದ 60 ಮೀಟರ್ ಎತ್ತರದ ಕಿಟಕಿಯಲ್ಲಿ ನಿಂತಳೆಂದಿಟ್ಟುಕೊಳ್ಳಿ. ಆಗ ದಿಗಂತ 27 ಕಿ.ಮೀ. ದಾಟುತ್ತದೆ, ದೋಣಿಗೆ ಮರೆ ಇಲ್ಲ. ಒಂದು ದುರ್ಬೀನು ಕೈಗೆ ಕೊಟ್ಟರೆ ಕಥೆ ಮುಂದುವರಿಯುತ್ತದೆ. ಲೆಕ್ಕ ಹಾಕಿದ್ದರಿಂದ ಕಲ್ಪನೆಗೆ ನಷ್ಟವಾಗಲಿಲ್ಲ. ಅವಳು ಗೋಪುರ ಏರುವ ಹೊಸ ಸನ್ನಿವೇಶವೊಂದು ಸಿಕ್ಕಿತು.

ದೊಡ್ಡ ಲೇಖಕರೂ ಲೆಕ್ಕದಲ್ಲಿ ಎಡವಿದ್ದುಂಟು. ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲಿ ಮನುಷ್ಯರನ್ನು 900 ಅಡಿ ಉದ್ದದ ತೋಪಿನಿಂದ ಚಂದ್ರನತ್ತ ಹಾರಿಸಿದ. ಉಡಾವಣೆಗೆ ಆರಿಸಿಕೊಂಡದ್ದು ಅಮೆರಿಕದ ಫ್ಲಾರಿಡಾವನ್ನು. 1969ರಲ್ಲಿ ಅಪೊಲೊ 11 ನಿಜವಾಗಿಯೂ ಅದೇ ರಾಜ್ಯದಿಂದ ಹೊರಟಾಗ ಜಗತ್ತು ಬೆರಗಾಯಿತು. ಆದರೆ ಆ ತೋಪಿನೊಳಗೆ ಸೆಕೆಂಡಿಗೆ 11 ಕಿ.ಮೀ. ವೇಗ ಗಳಿಸಬೇಕಾದರೆ ಪ್ರಯಾಣಿಕರ ಮೇಲೆ ಗುರುತ್ವದ 22 ಸಾವಿರ ಪಟ್ಟು ಬಲ ಬೀಳುತ್ತದೆ. ಹೊರಡುವ ಗಳಿಗೆಯಲ್ಲೇ ಅವರು ಅಪ್ಪಚ್ಚಿ. ಪಿ.ಯು.ಸಿ. ವಿದ್ಯಾರ್ಥಿಗಳು ಚಲನೆಯ ಸಮೀಕರಣ ಹಾಕಿ ಇದನ್ನು ತಾಳೆ ನೋಡಬಹುದು. ವರ್ನ್‌ನನ್ನು ಹಂಗಿಸಲು ಈ ಮಾತಲ್ಲ. ಅವನ ಕಥೆ ಓದಿ ಬೆಳೆದವರೇ ಮುಂದೆ ತೋಪನ್ನು ಬಿಟ್ಟು ರಾಕೆಟ್ಟಿನ ದಾರಿ ಹಿಡಿದರು.

ಶರಾವತಿಯ ಎರಡು ದಡ

ಗುಣವಂತೆ ದಾಟಿ ಕಾಸರಕೋಡಕ್ಕೆ ಬಂದರೆ ಶರಾವತಿ ಎದುರಾಗುತ್ತಾಳೆ. ಆಚೆ ದಡ ಹೊನ್ನಾವರ. ಇಲ್ಲಿಯ ರೈಲು ಸೇತುವೆ ಸುಮಾರು ಎರಡು ಕಿ.ಮೀ. ಉದ್ದವಿದ್ದು ಇಡೀ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದನೆಯದು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗುವ ಮೊದಲು, ಹೊಳೆಗಳ ಬಾಯಿ ದಾಟಿ, ಗುಡ್ಡ ಕೊರೆದು ಮುಂಬಯಿಗೆ ರೈಲು ಹೋಗುತ್ತದೆಂದರೆ ನಕ್ಕವರೇ ಹೆಚ್ಚು. ಒಂದು ತಲೆಮಾರಿನ ಕಟ್ಟುಕಥೆ ಇನ್ನೊಂದು ತಲೆಮಾರಿನ ವೇಳಾಪಟ್ಟಿ.

ನದಿಯ ಗುಂಟ ಒಳಕ್ಕೆ ಹೋದರೆ ಗೇರುಸೊಪ್ಪೆ. ಇಂದು ಅಲ್ಲಿ ಅಣೆಕಟ್ಟು, ವಿದ್ಯುದಾಗಾರ. ಕಾಡಿನ ನಡುವೆ ನಗರಬಸ್ತಿಕೇರಿಯ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಹದಿನಾರನೆಯ ಶತಮಾನದ ನಡುವಿನಿಂದ ಇಲ್ಲಿ ಆಳಿದವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯ ಜೊತೆಗೂ ಅವಳ ಹೆಸರು ಸೇರಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಳದಿಯವರ ಮುಂದೆ ಅವಳು ಸೋತಳು. ಸೋಲದೆ ಇದ್ದಿದ್ದರೆ? ಹೊನ್ನಾವರದ ಬಂದರು, ಮೆಣಸಿನ ವ್ಯಾಪಾರ, ಈ ನಾಡಿನ ಆಳ್ವಿಕೆ ಇವೆಲ್ಲ ಹೇಗಿರುತ್ತಿದ್ದವು?

ಇದೂ ‘ಹೀಗಾದರೆ?’ ಪ್ರಶ್ನೆಯ ಇನ್ನೊಂದು ಮುಖ: ‘ಹಾಗಾಗದಿದ್ದರೆ?’ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಅವರು ಇಂಥ ಒಂದು ಕಥೆ ಬರೆದಿದ್ದಾರೆ. ‘ದಿ ಅಡ್ವೆಂಚರ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಅದು ಸಿ.ಬಿ.ಎಸ್.ಇ. ಹನ್ನೊಂದನೆಯ ತರಗತಿಯ ಪಠ್ಯಕ್ಕೂ ಸೇರಿತು. 1761ರ ಪಾಣಿಪತ್ ಯುದ್ಧದಲ್ಲಿ ಮರಾಠರು ಗೆದ್ದಿರುವ ಇನ್ನೊಂದು ಜಗತ್ತಿಗೆ ಇತಿಹಾಸದ ಪ್ರಾಧ್ಯಾಪಕರೊಬ್ಬರು ಹೋಗಿಬರುತ್ತಾರೆ. ನಾರಳೀಕರ್ ಬದಲಿಸಿದ್ದು ಒಂದೇ ಒಂದು ಸಂಗತಿಯನ್ನು: ವಿಶ್ವಾಸರಾಯನಿಗೆ ತಗಲಬೇಕಾಗಿದ್ದ ಗುಂಡು ಕೂದಲೆಳೆಯಷ್ಟರಲ್ಲಿ ತಪ್ಪಿಹೋಯಿತು. ಉಳಿದ ಬದಲಾವಣೆಗಳೆಲ್ಲ ಅದರಿಂದ ತಾವಾಗಿ ಬಂದವು. ಗೇರುಸೊಪ್ಪೆಯ ಕಥೆ ಬರೆಯುವವರು ಇದನ್ನು ನೆನಪಿಡಬೇಕು. ಹತ್ತು ಸಂಗತಿ ಬದಲಿಸಿದರೆ ಅದು ಕನಸು. ಒಂದನ್ನು ಬದಲಿಸಿ ಉಳಿದವುಗಳನ್ನು ತರ್ಕಕ್ಕೆ ಬಿಟ್ಟರೆ ಕಥೆ.

ನಾರಳೀಕರ್ ಅವರ ಬರವಣಿಗೆ ಆರಂಭವಾದ ಬಗೆಯೂ ಸ್ವಾರಸ್ಯದ್ದು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಕಥೆ ಕಳಿಸುವಾಗ ತಮ್ಮ ಹೆಸರು ನೋಡಿ ಬಹುಮಾನ ಕೊಡಬಾರದೆಂದು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಿಟ್ಟುಕೊಂಡರು. ಕೈಬರಹ ಗುರುತು ಸಿಕ್ಕೀತೆಂದು ಪತ್ನಿಯಿಂದ ಪ್ರತಿ ಬರೆಸಿದರು. ಬಹುಮಾನ ಬಂದದ್ದು ಕಥೆಗೆ. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಒಂದು ಸೀಸೆ ಎಣ್ಣೆ

ಹೊನ್ನಾವರದ ಅಳಿವೆಯಲ್ಲಿ ಸಂಜೆ ದೋಣಿಗಳು ಮರಳುವಾಗ ಇನ್ನೊಬ್ಬ ವಿಜ್ಞಾನಿಯ ನೆನಪಾಗಬೇಕು. ಜಗದೀಶಚಂದ್ರ ಬೋಸ್ 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದರು. ‘ಕುಂತಲೀನ್’ ಎಂಬ ತಲೆಗೂದಲಿನ ಎಣ್ಣೆಯ ಕಂಪೆನಿ ನಡೆಸಿದ ಸ್ಪರ್ಧೆಗಾಗಿ ಬರೆದ ಕಥೆ ಅದು. ಕಲ್ಕತ್ತೆಗೆ ಚಂಡಮಾರುತ ಅಪ್ಪಳಿಸುತ್ತದೆಂದು ಮುನ್ಸೂಚನೆ ಬರುತ್ತದೆ, ಆದರೆ ಚಂಡಮಾರುತ ಬರುವುದಿಲ್ಲ. ವಿಜ್ಞಾನಿಗಳು ತಲೆ ಕೆಡಿಸಿಕೊಳ್ಳುತ್ತಾರೆ. ನಡೆದದ್ದಿಷ್ಟು: ಹಡಗಿನಲ್ಲಿದ್ದ ಒಬ್ಬ ಪ್ರಯಾಣಿಕ ಒಂದು ಸೀಸೆ ತಲೆಎಣ್ಣೆಯನ್ನು ಸಮುದ್ರಕ್ಕೆ ಸುರಿದಿದ್ದ!

ನಗೆಯ ಕಥೆಯೇ ಸರಿ. ಆದರೆ ಅದರ ಬೇರು ನಿಜದಲ್ಲಿದೆ. ನೀರಿನ ಮೇಲೆ ಎಣ್ಣೆಯ ಪೊರೆ ಹರಡಿದರೆ ಸಣ್ಣ ಅಲೆಗಳು ಅಡಗುತ್ತವೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಎಂಬಲ್ಲಿಯ ಕೊಳದಲ್ಲಿ ಒಂದು ಟೀ ಚಮಚದಷ್ಟು ಎಣ್ಣೆ ಹಾಕಿದಾಗ ಸುಮಾರು ಅರ್ಧ ಎಕರೆ, ಅಂದರೆ ಇಪ್ಪತ್ತು ಗುಂಟೆ ನೀರು ನಯವಾಯಿತೆಂದು 1774ರಲ್ಲಿ ವರದಿ ಮಾಡಿದ. ಚಮಚಕ್ಕೆ 5 ಮಿ.ಲೀ. ಎಂದು ಲೆಕ್ಕ ಹಿಡಿದರೆ ಪೊರೆಯ ದಪ್ಪ ಸುಮಾರು ಎರಡೂವರೆ ನ್ಯಾನೊಮೀಟರ್. ಒಂದು ಅಣುವಿನ ಉದ್ದಕ್ಕೆ ಹತ್ತಿರದ ಅಳತೆ. ಎಣ್ಣೆಯಿಂದ ಚಂಡಮಾರುತ ನಿಲ್ಲುವುದಿಲ್ಲವೆಂದು ಬೋಸರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ನಿಜವಾದ ಒಂದು ಹಿಡಿ ವಿಜ್ಞಾನವನ್ನು ಅವರು ಎಳೆದು ಉದ್ದ ಮಾಡಿದರು. ಓದಿ ನಕ್ಕ ಹುಡುಗ ಮರುದಿನ ಬಕೆಟ್ಟಿನಲ್ಲಿ ಎಣ್ಣೆ ಹಾಕಿ ನೋಡಿದರೆ ಕಥೆಯ ಕೆಲಸ ಆಯಿತು.

ಭಸ್ಮಾಸುರನ ಕೈ

ಹೊನ್ನಾವರ ತಾಲ್ಲೂಕು ಯಕ್ಷಗಾನದ ತವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಲ್ಲಿಯದು. ಭಸ್ಮಾಸುರನ ಪಾತ್ರದಿಂದ ಮನೆಮಾತಾಗಿ, 2012ರಲ್ಲಿ ಪದ್ಮಶ್ರೀ ಪಡೆದು, 2017ರಲ್ಲಿ ಅಗಲಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇಲ್ಲಿಯವರೇ. ಆ ಪ್ರಸಂಗ ನೋಡಿದವರು ಉತ್ತರಕ್ಕೆ, ಕುಮಟಾ ತಾಲ್ಲೂಕಿನ ಕಾಡಿನೊಳಗಿರುವ ಯಾಣಕ್ಕೂ ಹೋಗಿಬರಬೇಕು. ಅಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಕಪ್ಪಗೆ ಎದ್ದು ನಿಂತಿವೆ. ಸುತ್ತಲಿನ ಕರಿಮಣ್ಣು ಭಸ್ಮಾಸುರನ ಬೂದಿ ಎಂಬುದು ಐತಿಹ್ಯ. ಭೂವಿಜ್ಞಾನ ಹೇಳುವುದು ಬೇರೆ: ಇದು ಸುಣ್ಣಕಲ್ಲು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾದ ಮಳೆನೀರು ಯುಗಯುಗಗಳ ಕಾಲ ಕೊರೆದು ಈ ಚೂಪು ಗೋಪುರಗಳನ್ನು ಉಳಿಸಿದೆ. ಎರಡೂ ಉತ್ತರಗಳನ್ನು ಮಕ್ಕಳಿಗೆ ಹೇಳಬಹುದು, ಯಾವುದು ಯಾವುದೆಂದು ತಿಳಿಸಿ ಹೇಳಿದರೆ ಸಾಕು.

ಭಸ್ಮಾಸುರನ ವರ ಒಂದೇ ನಿಯಮ: ಯಾರ ತಲೆಯ ಮೇಲೆ ಕೈಯಿಟ್ಟರೂ ಬೂದಿ. ಈ ನಿಯಮವನ್ನು ಕಥೆ ಎಲ್ಲಿಯೂ ಸಡಿಲಿಸುವುದಿಲ್ಲ. ವರ ಕೊಟ್ಟವನೇ ಓಡಬೇಕಾಗುತ್ತದೆ. ಇನ್ನೂ ದೊಡ್ಡ ಆಯುಧ ತಂದು ಅಸುರನನ್ನು ಕೊಲ್ಲಿಸಿದ್ದರೆ ಕಥೆ ಸಪ್ಪೆಯಾಗುತ್ತಿತ್ತು. ಮೋಹಿನಿ ಕುಣಿಯುತ್ತಾಳೆ, ಅವನು ಅವಳಂತೆಯೇ ಕುಣಿಯುತ್ತಾನೆ, ಅವಳು ತಲೆಯ ಮೇಲೆ ಕೈಯಿಡುತ್ತಾಳೆ. ನಿಯಮ ಮುರಿಯಲಿಲ್ಲ, ಅದೇ ನಿಯಮ ಅವನನ್ನು ಮುಗಿಸಿತು. ಕೊನೆ ಗೊತ್ತಿದ್ದೂ ಜನ ಬೆಳಗಿನವರೆಗೆ ಕುಳಿತಿರುವುದು ಇದಕ್ಕಾಗಿಯೇ.

ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1933ರಲ್ಲಿ ತಮ್ಮ ಕಥೆಗಳಿಗೆ ಮುನ್ನುಡಿ ಬರೆಯುತ್ತ ಇದೇ ಅರ್ಥದ ಮಾತು ಹೇಳಿದರು: ಏನು ಬೇಕಾದರೂ ಆಗಬಹುದಾದ ಕಡೆ ಯಾವುದರಲ್ಲೂ ಸ್ವಾರಸ್ಯ ಉಳಿಯದು. ಐಸಾಕ್ ಅಸಿಮೋವ್ 1942ರ ಕಥೆಯೊಂದರಲ್ಲಿ ರೋಬಾಟ್‌ಗಳಿಗೆ ಮೂರು ನಿಯಮಗಳನ್ನು ವಿಧಿಸಿದರು. ನಿಯಮ ಪಾಲಿಸಲು ಹೋಗಿಯೇ ಅವರ ರೋಬಾಟ್‌ಗಳು ಇಕ್ಕಟ್ಟಿಗೆ ಸಿಲುಕುತ್ತವೆ. ಯಾಣದ ನೆರಳಿನಲ್ಲಿ ಬೆಳೆದ ಮಕ್ಕಳಿಗೆ ಈ ಉಪಾಯ ಹೊಸದಲ್ಲ.

ತೋಟದಲ್ಲಿ ಹಾರುವ ಓತಿ

ಅದ್ಭುತವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ ಎಂಬುದನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ತೋರಿಸಿತು. ಅದರಲ್ಲಿ ವಿಜ್ಞಾನಿಯೊಬ್ಬರು ಹಳ್ಳಿಯ ಗೆಳೆಯರ ಜೊತೆ ಹಾರುವ ಓತಿಯನ್ನು ಅರಸಿ ಕಾಡಿಗೆ ಹೋಗುತ್ತಾರೆ. ಹಾರುವ ಓತಿ ಕಟ್ಟುಕಥೆಯಲ್ಲ. ಪಕ್ಕೆಯ ಚರ್ಮವನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುವ ಈ ಜೀವಿ ಇಲ್ಲಿಯ ಅಡಿಕೆ ತೋಟಗಳಲ್ಲೇ ಇದೆ. ಎಷ್ಟೋ ಮನೆಗಳ ಮಕ್ಕಳು ಅದನ್ನು ನೋಡದೆಯೇ ದೊಡ್ಡವರಾಗುತ್ತಾರೆ, ಅಷ್ಟೆ.

ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞಾನ ಕಲಿತು ಮುಂಬಯಿಯಲ್ಲಿ ದುಡಿದವರು. ಅವರು ಬರೆದದ್ದು ವಿಜ್ಞಾನ ಕಥೆಯಲ್ಲ. ಆದರೆ ರಸಾಯನವಿಜ್ಞಾನದ ವೃತ್ತಿ ಅವರ ಬರವಣಿಗೆಗೆ ಅಡ್ಡಿಯಾಗಲಿಲ್ಲ. ದೂರದ ಮಹಾನಗರದಲ್ಲಿದ್ದೂ ಹನೇಹಳ್ಳಿ ಅವರ ಕಥೆಗಳಿಂದ ಮರೆಯಾಗಲಿಲ್ಲ. ‘ಕಥೆ ಓದಿದರೆ ಅಂಕ ಬರುತ್ತದೆಯೆ?’ ಎಂದು ಕೇಳುವ ತಂದೆ ತಾಯಿಗಳಿಗೆ ಬೋಸ್, ನಾರಳೀಕರ್, ಚಿತ್ತಾಲ ಈ ಮೂರು ಹೆಸರುಗಳೇ ಉತ್ತರ.

ಉಪ್ಪುನೀರಿನ ನಾಳೆ

ಪ್ರವಾಸದ ಕೊನೆಯ ನಿಲ್ದಾಣ ಅಘನಾಶಿನಿಯ ಅಳಿವೆ. ಅಣೆಕಟ್ಟಿಲ್ಲದೆ ಘಟ್ಟದಿಂದ ಕಡಲಿಗೆ ಹರಿದುಬರುವ ಹೊಳೆ ಇದು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಕಾಂಡ್ಲಾ, ಬಳಚು, ಸಾಣಿಕಟ್ಟಾದ ಉಪ್ಪಿನ ಆಗರ, ಗಜನಿ ಗದ್ದೆ ಎಲ್ಲಕ್ಕೂ ಇದೇ ಆಸರೆ. ಮಾಣಿಕಟ್ಟಾದಂಥ ಊರುಗಳ ಗಜನಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಆದರೆ ಕಗ್ಗ ಬಿತ್ತುವವರು ಕಡಿಮೆಯಾಗಿದ್ದಾರೆ. ಅನೇಕ ಗಜನಿಗಳು ಸಿಗಡಿ ಕೃಷಿಗೆ ಹೋಗಿವೆ.

ಈಗ ಇಲ್ಲಿ ನಿಂತು ‘ಹೀಗಾದರೆ?’ ಎಂದು ಕೇಳಿ. ಹವಾಮಾನ ಬದಲಾವಣೆಯನ್ನು ಕುರಿತ ಅಂತರ ಸರ್ಕಾರಿ ಸಮಿತಿಯ 2021ರ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂ.ಮೀ. ಏರಿದೆ. ಶತಮಾನದ ಕೊನೆಗೆ, ನಾವು ಸುಡುವ ಇಂಧನವನ್ನು ಅವಲಂಬಿಸಿ, ಇದು ಮೂವತ್ತು ಸೆಂ.ಮೀ.ನಿಂದ ಒಂದು ಮೀಟರಿನವರೆಗೂ ಇನ್ನಷ್ಟು ಏರಬಹುದು. ಗಜನಿಯ ಕಟ್ಟಿನ ಮೇಲೆ ನಿಂತವರಿಗೆ ಅರ್ಧ ಮೀಟರ್ ಎಂದರೆ ಎಷ್ಟೆಂದು ವಿವರಿಸಬೇಕಾಗಿಲ್ಲ. ಮೊಣಕಾಲು ಮುಟ್ಟಿ ನೋಡಿಕೊಂಡರಾಯಿತು.

ಇಂದು ಹದಿನೈದು ವರ್ಷದ ಹುಡುಗಿ 2075ರಲ್ಲಿ ಅರವತ್ತು ದಾಟಿದ ಅಜ್ಜಿ. ಆ ವರ್ಷದ ಒಂದು ಬೆಳಗಿನ ಕಥೆಯನ್ನು ಅವಳು ಈಗಲೇ ಬರೆಯಬಹುದು. ಬಾವಿಯ ನೀರು ಸಿಹಿಯೋ ಉಪ್ಪೋ? ಕಗ್ಗದ ಬೀಜ ಯಾರ ಮನೆಯಲ್ಲಿ ಉಳಿದಿದೆ? ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋದ ಮಗ ತಿರುಗಿ ಬಂದನೆ? ನಿಯಮ ಒಂದೇ: ಸಮುದ್ರ ಅರ್ಧ ಮೀಟರ್ ಏರಿದೆ. ಉಳಿದುದನ್ನು ಲೆಕ್ಕ ಹಾಕಬೇಕು, ಅಜ್ಜ ಅಜ್ಜಿಯರನ್ನು ಕೇಳಬೇಕು, ಗಜನಿಗೆ ಹೋಗಿ ನೋಡಬೇಕು. ಬರೆದು ಮುಗಿಸುವಷ್ಟರಲ್ಲಿ ಅವಳಿಗೆ ತನ್ನ ಊರು ಪಠ್ಯಪುಸ್ತಕ ಕಲಿಸಿದ್ದಕ್ಕಿಂತ ಹೆಚ್ಚು ಗೊತ್ತಾಗಿರುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ದ್ರವದ ಮೇಲ್ಮೈ ಎಳೆತದಿಂದ ಚಮಚದ ಹಾಲು ಮೂರ್ತಿಯ ಮೈಮೇಲೆ ತೆಳ್ಳಗೆ ಇಳಿಯುತ್ತಿತ್ತೆಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಕಥೆಗೂ ವದಂತಿಗೂ ಇರುವ ವ್ಯತ್ಯಾಸ ಇಷ್ಟೇ. ಕಥೆಗಾರ ಮೊದಲೇ ‘ಹೀಗೆಂದುಕೊಳ್ಳೋಣ’ ಎಂದು ಒಪ್ಪಿಗೆ ಪಡೆಯುತ್ತಾನೆ. ವದಂತಿ ಆ ಮಾತನ್ನು ಮುಚ್ಚಿಡುತ್ತದೆ. ಒಳ್ಳೆಯ ಕಲ್ಪನಾ ಕಥೆಗಳನ್ನು ಓದಿ ಬೆಳೆದ ಮಗುವನ್ನು ಮೊಬೈಲಿನಲ್ಲಿ ಹರಿದುಬರುವ ಸುಳ್ಳು ಸುಲಭವಾಗಿ ಮರುಳು ಮಾಡಲಾರದು. ಅದು ಕೂಡಲೇ ಕೇಳುತ್ತದೆ: ಇದರ ನಿಯಮವೇನು? ಲೆಕ್ಕ ಸರಿಹೋಗುತ್ತದೆಯೆ?

ಮುಂದಿನ ರಜೆಯಲ್ಲಿ ಮಕ್ಕಳನ್ನು ಈ ದಾರಿಯಲ್ಲಿ ಕರೆದುಕೊಂಡು ಹೊರಡುವ ತಂದೆ ತಾಯಿಗಳು ತಿಂಡಿಯ ಚೀಲದ ಜೊತೆ ನೂರು ಪುಟದ ಒಂದು ನೋಟುಪುಸ್ತಕವನ್ನೂ ಇಟ್ಟುಕೊಳ್ಳಲಿ. ಕಿಟಕಿಯ ಬದಿ ಸೀಟು ಮಗುವಿಗೇ ಇರಲಿ.